ನಿಮ್ಮಮ್ಮನಿಗೆ ಭಾಷೆ ಬರಲ್ಲ ಎಂದ ದಿನ

ನಾನು ಚಿಕ್ಕವಳಿದ್ದಾಗ ನನ್ನನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಕೂರಿಸಿದರು. ಅಲ್ಲಿಗೆ ಮುಗಿಯಿತು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಹೇಳಬೇಕಾಗಿರುವುದು ನಿಮ್ಮಮ್ಮ ಚಿಕ್ಕವಳಿದ್ದಾಗಿನ ಒಂದು ದಿನ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಈಗಲೂ ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ಆಗ ನಾವಿದ್ದದ್ದು ಸುಂಕದಕಟ್ಟೆಯ ಒಂದು ವಠಾರದಲ್ಲಿ. ಆರು ಮನೆ, ಒಂದೇ ನಲ್ಲಿ. ನಿಮ್ಮ ತಾತ ರಾಜಾಜಿನಗರದ ಫ್ಯಾಕ್ಟರಿಗೆ ಹೋಗುತ್ತಿದ್ದರು, ನಾನು ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದೆ. ಅಂಗೈಯೆಲ್ಲ ಕಪ್ಪು, ಅನ್ನ ಕಲಸಿದರೆ ಅದಕ್ಕೂ ಊದುಬತ್ತಿ ವಾಸನೆ. ಎಡಗಡೆ ಮನೆಯವರು ತಮಿಳರು, ಬಲಗಡೆಯವರು ತೆಲುಗರು, ಎದುರಿನ ಟೈಲರ್ ಮನೆಯಲ್ಲಿ ಉರ್ದು. ನಿಮ್ಮಮ್ಮ ಬೆಳಿಗ್ಗೆ ಒಬ್ಬರ ಮನೆಯಲ್ಲಿ ಇಡ್ಲಿ ತಿಂದರೆ ಸಂಜೆ ಇನ್ನೊಬ್ಬರ ಮನೆಯಲ್ಲಿ ಟೀಗೆ ಬನ್ನು ಅದ್ದುತ್ತಿದ್ದಳು. ಯಾರ ಹೊಸಿಲು ದಾಟಿದಳೋ ಅವರ ಮಾತು ಅವಳ ಬಾಯಿಗೆ ಬರುತ್ತಿತ್ತು. ಯಾರೂ ಕೂರಿಸಿ ಕಲಿಸಿದ್ದಲ್ಲ.

ಬರೀ ಆಟದ ಮಾತಲ್ಲ. ನಲ್ಲಿಯ ಹತ್ತಿರ ಜಗಳ ಆದಾಗ ಎಲ್ಲರಿಗೂ ಗೊತ್ತಿದ್ದ ಅಲ್ಪಸ್ವಲ್ಪ ಕನ್ನಡವೂ ಮರೆತುಹೋಗುತ್ತಿತ್ತು. ಸಿಟ್ಟು ಬಂದರೆ ಅವರವರ ಭಾಷೆಯೇ ತಾನೇ ಬರುವುದು. ಆಗ ನಿಮ್ಮಮ್ಮನನ್ನು ಕರೆಯುವುದು ವಠಾರದ ಪದ್ಧತಿಯೇ ಆಗಿಬಿಟ್ಟಿತ್ತು. ಐದೂವರೆ ವರ್ಷದ ಹುಡುಗಿ ಕೊಡಗಳ ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸುತ್ತಿದ್ದಳು. ಬೈಗುಳ ಮಾತ್ರ ಬಿಟ್ಟುಬಿಡುತ್ತಿದ್ದಳು. ಹಾಗಾಗಿಯೇ ಜಗಳ ಬೇಗ ಮುಗಿಯುತ್ತಿತ್ತು. ಅವಳು ಏನೇನು ನುಂಗಿದಳು ಅಂತ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಇಂಥವಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಬೇಕು ಅಂತ ನನಗೆ ಹಟ. ವಿಜಯನಗರದ ಕಡೆ ಒಂದು ಸ್ಕೂಲಿತ್ತು, ಒಂದನೇ ಕ್ಲಾಸಿಗೆ ಇಂಟರ್‌ವ್ಯೂ ಮಾಡುತ್ತಿದ್ದರು. ಮಹಡಿ ಮನೆಯ ಪಿಯುಸಿ ಹುಡುಗಿ ಇಂಗ್ಲಿಷಿನಲ್ಲಿ ಇಪ್ಪತ್ತು ಪ್ರಶ್ನೆ, ಇಪ್ಪತ್ತು ಉತ್ತರ ಹೇಳಿಕೊಟ್ಟಳು. ನನಗೂ ಅರ್ಥ ಗೊತ್ತಿಲ್ಲ, ಮಗುವಿಗೂ ಗೊತ್ತಿಲ್ಲ. ನಾನು ಒಂದು ಕಡ್ಡಿ ಹೊಸೆದರೆ ಅವಳು ಒಂದು ಉತ್ತರ ಹೇಳಬೇಕು, ಹೀಗೆ ಹದಿನೈದು ದಿನ ಉರು ಹೊಡೆಸಿದೆ. ಮೊದಲು ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ಮನೆ ಎಲ್ಲಿ. ಸಾಲು ತಪ್ಪಿದರೆ ಮತ್ತೆ ಮೊದಲಿನಿಂದ. ಅದೇ ನಾನು ಮಾಡಿದ ತಪ್ಪು.

ಆ ದಿನ ಮಾಗಡಿ ರೋಡಿನ ಬಸ್ಸಿನಲ್ಲಿ ಅವಳ ಲಂಗ ಮುದುಡದಂತೆ ತೊಡೆಯ ಮೇಲೆ ಕೂರಿಸಿಕೊಂಡು ಹೋದೆ. ಸ್ಕೂಲಿನ ರೂಮಿನಲ್ಲಿ ಹೊಸ ಪೇಂಟಿನ ವಾಸನೆ ಹೊಡೆಯುತ್ತಿತ್ತು, ಫ್ಯಾನು ಕಟಕಟ ಅನ್ನುತ್ತಿತ್ತು. ಮಿಸ್ಸು ಮೊದಲಿಗೇ ಏನೋ ಬೇರೆ ಕೇಳಿದರು. ಬೆಳಿಗ್ಗೆ ಏನು ತಿಂದೆ ಅಂತ ಕೇಳಿದ್ದಂತೆ, ನನಗೆ ಆಮೇಲೆ ಗೊತ್ತಾಯಿತು. ನಿಮ್ಮಮ್ಮ ಕೈಕಟ್ಟಿ ನಿಂತು ತನ್ನ ಹೆಸರು ಹೇಳಿದಳು. ಕೆಂಪು ಚೆಂಡಿನ ಚಿತ್ರ ತೋರಿಸಿ ಬಣ್ಣ ಕೇಳಿದರು. ಇವಳು ಅಪ್ಪನ ಹೆಸರು ಹೇಳಿದಳು. ಸಾಲು ತಪ್ಪಬಾರದು ಅಂತ ನಾನೇ ತಾನೇ ಹೇಳಿದ್ದು! ಮಿಸ್ಸು ನಕ್ಕರು, ಬರೆದುಕೊಂಡರು. ಐದು ನಿಮಿಷವೂ ಆಗಿರಲಿಲ್ಲ.

"ಮಗು ಸ್ವಲ್ಪ ಸ್ಲೋ ಇದೆ ಅಮ್ಮ. ಭಾಷೆ ಬರಲ್ಲ," ಅಂದರು. ಚೀಟಿ ಕೊಡುತ್ತೇವೆ, ಹೊರಗೆ ಕೂತಿರಿ ಅಂದರು.

ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಒಬ್ಬ ತಮಿಳು ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು ಬಂದರು. ಊರಿಂದ ಹೊಸದಾಗಿ ಬಂದವರು, ಕನ್ನಡ ಒಂದಕ್ಷರ ತಿಳಿಯದು. ಮಿಸ್ಸು ಕನ್ನಡದಲ್ಲಿ ಹೇಳಿದರು, ಇಂಗ್ಲಿಷಿನಲ್ಲಿ ಹೇಳಿದರು, ಕೈಸನ್ನೆ ಮಾಡಿದರು. ಆ ಅಜ್ಜಿ ಬೆವರು ಒರೆಸಿಕೊಂಡು ನಿಂತೇ ಇದ್ದರು. ನಿಮ್ಮಮ್ಮ ತಾನೇ ಎದ್ದು ಹೋದಳು. ಅಜ್ಜಿ ಹೇಳಿದ್ದನ್ನು ಮಿಸ್ಸಿಗೆ ಕನ್ನಡದಲ್ಲಿ ಒಪ್ಪಿಸಿದಳು. ಮಿಸ್ಸು ಬೇಸರದಿಂದ ಅಂದರು, "ಏನೂ ಗೊತ್ತಿಲ್ದೋರೆಲ್ಲ ಬಂದು ತಲೆ ತಿಂತಾರೆ. ನಾಳೆ ಹುಡುಗನ ಅಪ್ಪ ಬರಲಿ ಅನ್ನು."

ನಿಮ್ಮಮ್ಮ ಅಜ್ಜಿಯ ಕಡೆ ತಿರುಗಿದಳು. ತಮಿಳಿನಲ್ಲಿ ಅವಳು ಹೇಳಿದ್ದು ಇಷ್ಟು: ಪಾಟಿ, ನಾಳೆ ಅಪ್ಪನನ್ನು ಕರೆದುಕೊಂಡು ಬನ್ನಿ. ಬಿಸಿಲಿದೆ, ಸ್ವಲ್ಪ ಕೂತು ಹೋಗಿ. ಅಜ್ಜಿಯ ಮುಖ ಅರಳಿತು. ಮಿಸ್ಸು ನಿಮ್ಮಮ್ಮನಿಗೆ ಗುಡ್ ಗರ್ಲ್ ಅಂದರು. ಹಾಗೆ ಅನ್ನುತ್ತಲೇ ನನಗೆ ಚೀಟಿ ಕೊಟ್ಟರು. ಭಾಷೆಗೆ ಇಪ್ಪತ್ತಕ್ಕೆ ಎರಡು. ಸೀಟಿಲ್ಲ.

ಅಂಕಿ ಓದೋಕೆ ನನಗೆ ಬರುತ್ತಿತ್ತು. ಕೇಳಿಯೇ ಬಿಟ್ಟೆ. "ಮಿಸ್, ಈಗ ಇವಳು ಮಾತಾಡಿದ್ಲಲ್ಲ, ಅದಕ್ಕೆ ಎಷ್ಟು ಹಾಕಿದ್ರಿ?"

"ಅದಕ್ಕೆ ಇದರಲ್ಲಿ ಕಾಲಮ್ ಇಲ್ಲಮ್ಮ," ಅಂದರು. ಕೆಟ್ಟ ಹೆಂಗಸೇನಲ್ಲ, ಮೆತ್ತಗೇ ಹೇಳಿದರು. ಅದಕ್ಕೇ ಇನ್ನೂ ಸಿಟ್ಟು ಬಂತು. ಅವರ ಕೆಲಸಕ್ಕೆ ಮಗುವಿನ ನಾಲಿಗೆ ಬೇಕು, ಬರೆಯುವಾಗ ಮಾತ್ರ ಅದಕ್ಕೆ ಜಾಗವಿಲ್ಲ. ಹೆಸರು ಕೇಳಿದರೆ ಹೆಸರು ಹೇಳುವುದನ್ನೇ ಭಾಷೆ ಅಂದುಕೊಂಡಿದ್ದರು.

ಆ ಸಿಟ್ಟನ್ನು ಮಿಸ್ಸಿನ ಮೇಲೆ ತೀರಿಸಿಕೊಳ್ಳಲು ನನಗೆ ಧೈರ್ಯ ಇರಲಿಲ್ಲ. ಬಸ್‌ಸ್ಟಾಪಿನಲ್ಲಿ ನಿಮ್ಮಮ್ಮನ ತೋಳು ಚಿವುಟಿದೆ. ಒಂದು ಬಣ್ಣ ಹೇಳೋಕೆ ಆಗಲಿಲ್ವೇನೇ ಅಂತ ಬೈದೆ. ತೋಳು ಕೆಂಪಗಾಯಿತು, ಅವಳು ಅಳಲಿಲ್ಲ. ಸಂಜೆ ನಿಮ್ಮ ತಾತ ಬಂದವರೇ ಅವಳನ್ನು ಕೇಳಿದರು, ಏನಾಯ್ತು ಮಗಳೇ ಅಂತ. "ಮಿಸ್ಸು ಗುಡ್ ಗರ್ಲ್ ಅಂದ್ರು ಅಪ್ಪ. ಬಸ್ಸಲ್ಲಿ ಅಮ್ಮ ನನ್ನನ್ನ ತೊಡೆ ಮೇಲೆ ಕೂರಿಸಿಕೊಂಡಿದ್ಲು," ಅಂದಳು. ಅಷ್ಟೇ. ನಲ್ಲಿಯ ಹತ್ತಿರ ಬೈಗುಳ ನುಂಗುತ್ತಿದ್ದ ಹಾಗೇ ನಾನು ಚಿವುಟಿದ್ದನ್ನೂ ನುಂಗಿದಳು. ನಾನು ಒಲೆಯ ಕಡೆ ತಿರುಗಿ ಕೂತೆ.

ಅವಳು ಸರ್ಕಾರಿ ಸ್ಕೂಲಿನಲ್ಲಿ ಓದಿದಳು. ದೊಡ್ಡ ಆಫೀಸರೇನೂ ಆಗಲಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಕೂರುತ್ತಾಳೆ. ಗಾಬರಿಯಲ್ಲಿ ಬಂದವರು ಯಾವ ಭಾಷೆಯಲ್ಲಿ ಅತ್ತರೆ ಆ ಭಾಷೆಯಲ್ಲಿ ಸಮಾಧಾನ ಹೇಳುತ್ತಾಳೆ. ಇಂಗ್ಲಿಷೂ ಅಲ್ಲೇ ಬಂತು, ತಾನಾಗಿ.

ಈಗ ಸುಂಕದಕಟ್ಟೆಗೆ ಹತ್ತಿರದ ಉಲ್ಲಾಳದ ಈ ಮೂರನೇ ಮಹಡಿಯಲ್ಲಿ ನೀವಿಬ್ಬರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿಗೆ ಇಂಗ್ಲಿಷ್ ಒಪ್ಪಿಸುತ್ತೀರಿ, ಅದು ನಂಬರ್ ಕೊಡುತ್ತದೆ. ಮೊನ್ನೆ ಕಮ್ಮಿ ಬಂತು ಅಂತ ಊಟ ಬಿಟ್ಟು ಕೂತಿರಿ. ಪಕ್ಕದ ಮನೆಗೆ ರಾಯಚೂರು ಕಡೆಯವರು ಬಂದು ಎರಡು ತಿಂಗಳಾಯಿತು, ಅವರ ಮಗುವಿನ ಹೆಸರು ನಿಮಗೆ ಗೊತ್ತಿಲ್ಲ. ವಾಚ್‌ಮನ್ ಹೆಂಡತಿ ನೇಪಾಳದವಳು, ಅವಳನ್ನು ಕಂಡರೆ ಲಿಫ್ಟಿನೊಳಗೆ ಓಡುತ್ತೀರಿ.

ನಾಳೆ ಬೆಳಿಗ್ಗೆ ನೀರು ಬರಲ್ಲ, ಇವತ್ತೇ ಹಿಡಿದಿಟ್ಟುಕೋ ಅಂತ ಆ ನೇಪಾಳದ ಹೆಂಗಸಿಗೆ ಹೇಳಬೇಕು. ನಿಮ್ಮಮ್ಮ ಡ್ಯೂಟಿಯಲ್ಲಿದ್ದಾಳೆ. ಹೆಡ್‌ಫೋನ್ ಇಲ್ಲಿಡಿ, ಇಬ್ಬರೂ ಕೆಳಗೆ ಹೋಗಿ ನಿಮಗೆ ಬಂದ ಭಾಷೆಯಲ್ಲಿ ಹೇಳಿ ಬನ್ನಿ. ತಪ್ಪಾದರೆ ಆಗಲಿ. ನಾನು ಚಿವುಟುವುದಿಲ್ಲ.