ಯಂತ್ರ ಎಬ್ಬಿಸುವ ಸಿಂಥಿಯಾ

ಸಿಂಥಿಯಾಳ ವಿಷಯ ನಾನು ಮೊದಲು ಕೇಳಿದ್ದು ಪರ್ಕಳದ ಜಮಾಲುದ್ದೀನನ ಅಂಗಡಿಗೆ ತೆಂಗಿನೆಣ್ಣೆ ತರಲು ಹೋದ ದಿನ.

"ಸುಗಂಧಿಯಕ್ಕ, ನಿಮ್ಮ ಹಿಂದಿನ ಕೋಣೆ ಖಾಲಿ ಉಂಟಲ್ವಾ? ಕಾರ್ಕಳದ ಒಬ್ಬರು ಕ್ರಿಶ್ಚಿಯನ್ ಬಾಯಮ್ಮ ಕೇಳ್ತಾ ಇದ್ದಾರೆ. ಮಣಿಪಾಲದಲ್ಲಿ ಬ್ಯಾಂಕಿನ ದೊಡ್ಡ ಕಂಪ್ಯೂಟರ್ ಬಿದ್ದರೆ ಎಬ್ಬಿಸುವವರು."

"ಹೆಂಗಸು ಎಬ್ಬಿಸುವುದಾ? ಮತ್ತೆ ಅಲ್ಲಿ ಗಂಡಸರು ಎಂತ ಮಾಡುವುದು ಮಾರಾಯ?"

"ಬೀಳಿಸುವುದು!" ಎಂದ.

ಬಂದವಳು ಮಗಳ ಹಾಗೆ ಉಳಿದಳು. ಗಂಡ ಜೋಕಿಮ್ ಕುವೈಟಿನಲ್ಲಿ, ವರ್ಷಕ್ಕೊಮ್ಮೆ ಬರುವವನು. ನನ್ನವರೂ ಬೊಂಬಾಯಿ ಹೋಟೆಲಿನಿಂದ ಹಾಗೆಯೇ ಬರುತ್ತಿದ್ದವರು. ಅವಳು ಗೇಟಿನ ಕಡೆ ನೋಡುವುದು ಕಂಡರೆ ಒಳಗೆ ಕರೆದು ಚಾ ಮಾಡಿ ಕೊಡುತ್ತಿದ್ದೆ.

ಬೀಳುವುದೆಂದರೆ ಯಂತ್ರ ನಿಂತುಹೋಗುವುದಂತೆ; ಅದು ನಿಂತರೆ ಊರೂರಿನ ಬ್ಯಾಂಕೆಲ್ಲ ನಿಂತಂತೆ. ಫೋನ್ ಬಂದ ಕೂಡಲೇ ಅನ್ನ ಬಿಟ್ಟು ಓಡುವಳು. ಅದರೊಳಗಿನ ಕೆಲಸಗಳನ್ನು ಒಂದರ ಹಿಂದೆ ಒಂದು, ಕ್ರಮ ತಪ್ಪದೆ ಎಬ್ಬಿಸಬೇಕಂತೆ. ಒಂದು ರಜೆಯಲ್ಲಿ ಗಂಡಹೆಂಡತಿ ಕಾಪು ಕಡಲಿಗೆ ಹೋಗಿದ್ದರು. ನೀರಿಗೆ ಕಾಲಿಡುವ ಮೊದಲೇ ಫೋನ್. ಅವಳ ಚಪ್ಪಲಿ ಹಿಡಿದುಕೊಂಡು ಜೋಕಿಮ್ ಮರಳಿನಲ್ಲೇ ಉಳಿದ. ಇವಳು ಬರಿಗಾಲಲ್ಲಿ ರಿಕ್ಷಾ ಹತ್ತಿದಳು.

"ಇನ್ನು ಅದು ತಾನೇ ಏಳುವುದನ್ನು ಕಲಿಯಬೇಕು ಅಮ್ಮ," ಎಂದಳು ಆಮೇಲೆ. "ಒಂದು ರಜೆಯಾದರೂ ಪೂರ್ತಿ ನನಗೆ ಬೇಕು."

ಯಾವುದು ಮೊದಲು ಏಳಬೇಕು, ಯಾವುದು ಕಾಯಬೇಕು, ಎಷ್ಟು ಸಲ ಬಿದ್ದರೆ ಸುಮ್ಮನೆ ಬಿಡಬೇಕು ಎಂದೆಲ್ಲ ಯೋಚಿಸಿ, ಅದನ್ನು ಯಂತ್ರಕ್ಕೆ ಕಲಿಸಲು ವರ್ಷವಿಡೀ ದುಡಿದಳು. ಒಂದು ಭಾನುವಾರ ಆಫೀಸಿನವರು ಬೇಕೆಂದೇ ಯಂತ್ರ ಬೀಳಿಸಿ ನೋಡಿದರು. ಮುಖ ಸಣ್ಣ ಮಾಡಿಕೊಂಡು ಬಂದಳು.

"ಎಂತಾಯ್ತು, ಏಳಲಿಲ್ವಾ?"

"ಎದ್ದಿತು. ರಿಪೇರಿಗೆ ಅಂತ ನಾವೇ ನಿಲ್ಲಿಸಿಟ್ಟದ್ದನ್ನೂ ಎಬ್ಬಿಸಿ ಕೂರಿಸಿತು. ಬಿದ್ದದ್ದು ಯಾವುದು, ನಿಲ್ಲಿಸಿದ್ದು ಯಾವುದು ಅಂತ ನಾನು ಹೇಳಿಕೊಟ್ಟೇ ಇರಲಿಲ್ಲ."

ತಿದ್ದಿದಳು. ಮುಂದಿನ ರಜೆಗೆ ಜೋಕಿಮ್ ಬಂದ. ನನ್ನ ಜಗಲಿಯಲ್ಲಿ ಇಬ್ಬರೂ ಬಂಗುಡೆ ಸಾರು ಉಣ್ಣುತ್ತಿದ್ದಾಗ ಅವಳ ಫೋನಿಗೆ ಮೆಸೇಜು ಬಂತು.

"ಬಿತ್ತಂತೆ!" ಎಂದು ಎಂಜಲು ಕೈಯಲ್ಲೇ ಎದ್ದು ನಿಂತಳು. ನಾವು ಮೂವರೂ ಆ ಫೋನನ್ನೇ ನೋಡಿದೆವು. ಮತ್ತೊಂದು ಮೆಸೇಜು. "ಎದ್ದಿತಂತೆ," ಎಂದಳು ಮೆಲ್ಲಗೆ.

"ಹಾಗಾದ್ರೆ ಕೂತ್ಕೊ, ಮೀನು ತಣಿತದೆ," ಎಂದ ಜೋಕಿಮ್. ಅವಳ ತಟ್ಟೆಗೆ ಇನ್ನೊಂದು ತುಂಡು ಹಾಕಿ, "ನೀನಿಲ್ಲದಿದ್ರೂ ಅದು ಏಳ್ತದಲ್ವಾ? ಇನ್ನು ನನ್ನ ಜೊತೆ ಬಾ," ಎಂದ.

ಅವಳು ಕೂತು ಮೀನಿನ ಮುಳ್ಳು ಬಿಡಿಸತೊಡಗಿದಳು. ಆಮೇಲೆ ವೀಸಾ ಬಂತು, ಕೆಲಸಕ್ಕೆ ರಾಜೀನಾಮೆ ಕೊಟ್ಟಳು.

ಅವಳ ಕೋಣೆಯನ್ನು ಕೇಳಿಕೊಂಡು ಮೊನ್ನೆಯೂ ಮಣಿಪಾಲದ ಹುಡುಗಿಯರು ಬಂದಿದ್ದರು, ಇಲ್ಲ ಎಂದೆ. ಗುಡಿಸುವಾಗ ಅಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ.

ಅವರು ಕುವೈಟಿಗೆ ಹೊರಟ ಆ ಬೆಳಿಗ್ಗೆ ಜೋಕಿಮ್ ರಿಕ್ಷಾಕ್ಕೆ ಪೆಟ್ಟಿಗೆ ಏರಿಸುತ್ತಿದ್ದ. ಅವಳು ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ನಾವು ಒಟ್ಟಿಗೆ ಇದ್ದದ್ದು ರಜೆಯಲ್ಲಿ ಮಾತ್ರ, ಅಮ್ಮ. ದಿನಾ ಇರಲು ಬರ್ತದೋ ಇಲ್ಲವೋ ಗೊತ್ತಿಲ್ಲ. ಸ್ವಲ್ಪ ಸಮಯ ಈ ಕೋಣೆ ಯಾರಿಗೂ ಕೊಡಬೇಡಿ, ಆಯ್ತಾ?"