ಕಾಗದಕ್ಕೆ ಗುರಿಯಿಡುವವಳ ಬಂದೂಕು

ಹೋದ ವರ್ಷ ಚಳಿಗಾಲದ ಒಂದು ಬೆಳಗ್ಗೆ ನಾನು ಹೊಸೂರಿನ ಟೌನ್ ಬಸ್ಸಿನಲ್ಲಿ ಬಂದೂಕು ಹಿಡಿದುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋದೆ.

ನಗಬೇಡಿ. ಈ ಅಂಕಣ ಓದುವವರಿಗೆ ನಾನು ಎಂಥವಳೆಂದು ಗೊತ್ತು. ಅಡುಗೆಮನೆಯಲ್ಲಿ ಇಲಿ ಕಂಡರೆ ಸ್ಟೂಲು ಹತ್ತುವ ಕನ್ನಡ ಟೀಚರ್. ದೀಪಾವಳಿಯಲ್ಲಿ ಸುರುಸುರುಬತ್ತಿ ದಾಟಿ ಮುಂದೆ ಹೋದವಳಲ್ಲ. ಅಂಥವಳ ತೊಡೆಯ ಮೇಲೆ ಹಳೆಯ ಜಮಖಾನದಲ್ಲಿ ಸುತ್ತಿದ ಪಾಯಿಂಟ್ ಟೂ ಟೂ ರೈಫಲ್. ಪಕ್ಕದ ಸೀಟಿನ ಹೆಂಗಸು ಅದೇನು ತಂಬೂರಿಯಾ ಎಂದು ತಮಿಳಿನಲ್ಲಿ ಕೇಳಿದಳು. ಹೌದು ಎಂದೆ. (ಬಸ್ಸಿನಲ್ಲಿ ಕೂತು ಹೇಳಬಹುದಾದ ಇನ್ನೂ ಒಳ್ಳೆಯ ಉತ್ತರ ನಿಮಗೆ ಹೊಳೆದರೆ ತಿಳಿಸಿ.)

ಬಂದೂಕು ನನ್ನದಲ್ಲ. ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದ ಸರೋಜಳದು. ಅವಳದು ಎಂದರೂ ತಪ್ಪೇ. ಅದು ಯಾರದು ಎನ್ನುವುದೇ ಆಮೇಲೆ ದೊಡ್ಡ ರಗಳೆಯಾಯಿತು. ಅವಳಿಗೆ ಒಂದು ಕೈಯಲ್ಲಿ ಊರುಗೋಲು ಇರಲೇಬೇಕು. ಹಾಗಾಗಿ ಹೊರುವ ಕೆಲಸ ನನಗೆ ಬಂತು.

ಸರೋಜ ನನ್ನ ಸ್ಕೂಲಿನ ದಿನಗಳ ಗೆಳತಿ. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಬಲಗಾಲು ಬೆಳೆಯಲಿಲ್ಲ. ಕಬ್ಬಿಣದ ಪಟ್ಟಿ ಕಟ್ಟಿದ ಬೂಟು ಹಾಕಿಕೊಂಡು ನಡೆಯುತ್ತಾಳೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಟ್ರಂಕ್ ಕಾಲ್ ಬುಕ್ ಮಾಡಿದವರಿಗೆಲ್ಲ ಅವಳ ದನಿ ಗೊತ್ತು, ಮುಖ ಗೊತ್ತಿಲ್ಲ. ಅದೇ ಒಳ್ಳೇದು ಎನ್ನುತ್ತಿದ್ದಳು. ದನಿ ಕುಂಟುವುದಿಲ್ಲವಲ್ಲ?

ಅವಳ ಅಪ್ಪ ನಂಜಪ್ಪನವರು ರಾಯಕೋಟೆ ಕಡೆಯ ರೈತರ ಮನೆಯವರು. ಮಿಲಿಟರಿಯಲ್ಲಿ ಹವಾಲ್ದಾರ್ ಆಗಿ ರಿಟೈರ್ ಆಗಿ ಹೊಸೂರಿಗೆ ಬಂದು ಮನೆ ಮಾಡಿದರು. ಬೇರೆಯವರಾದರೆ ಪೆನ್ಷನ್ ತಗೊಂಡು ಪೇಪರ್ ಓದುತ್ತಾ ಇರುತ್ತಿದ್ದರು. ಇವರು ರೈಫಲ್ ಕ್ಲಬ್ ಶುರು ಮಾಡಿದರು. ಒಬ್ಬ ಡಾಕ್ಟರು, ಒಬ್ಬ ಬ್ಯಾಂಕ್ ಮ್ಯಾನೇಜರು, ತಳಿ ಎಂಬ ಊರಿನ ಕಡೆಯ ಹೂವಿನ ತೋಟದ ಯಜಮಾನರು, ಹೀಗೆ ಹತ್ತಾರು ಜನ ಸೇರಿದರು. ಡೆಲ್ಲಿಯ ತನಕ ಕಾಗದ ಓಡಾಡಿಸಿ ಕ್ಲಬ್ಬಿಗೆ ಸರ್ಕಾರದ ಮಾನ್ಯತೆಯನ್ನೂ ತಂದರು. ಕ್ಲಬ್ಬಿನ ಒಟ್ಟು ಆಸ್ತಿ ಒಂದು ರೈಫಲ್ಲು. ಮೈದಾನ ಅಂದರೆ, ಕಲ್ಲು ಒಡೆದು ಬಿಟ್ಟುಹೋಗಿದ್ದ ಒಂದು ಬಂಡೆಗುಂಡಿ. ಗುಂಡು ಬಂಡೆಗೆ ತಾಗಿ ಹಿಂದಕ್ಕೆ ಸಿಡಿಯದಿರಲೆಂದು ಎದುರಿಗೆ ಮಣ್ಣಿನ ದೊಡ್ಡ ಏರಿ ಹಾಕಿಸಿದ್ದರು. ಅದರ ಮುಂದೆ ಮರದ ಚೌಕಟ್ಟು. ಚೌಕಟ್ಟಿಗೆ ಕಾಗದ. ಕಾಗದದ ಮೇಲೆ ಕಪ್ಪು ಚುಕ್ಕೆ.

ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು. (ನನಗೆ ನಂಜಪ್ಪನವರು ಹೇಳಿಕೊಟ್ಟಷ್ಟೇ ಗೊತ್ತು. ಲಾಯರುಗಳು ಕ್ಷಮಿಸಬೇಕು.) ನಮ್ಮ ದೇಶದಲ್ಲಿ ಬಂದೂಕು ಮುಟ್ಟಬೇಕಾದರೆ ಲೈಸೆನ್ಸ್ ಬೇಕು. ಆದರೆ ಮಾನ್ಯತೆ ಇರುವ ಕ್ಲಬ್ಬಿನ ಮೆಂಬರುಗಳಿಗೆ ಸ್ವಲ್ಪ ವಿನಾಯಿತಿ ಇದೆ. ಕ್ಲಬ್ಬಿನ ಸಣ್ಣ ರೈಫಲ್ ಹಿಡಿದು, ಕ್ಲಬ್ಬಿನ ಜಾಗದಲ್ಲಿ, ಗುರಿ ಅಭ್ಯಾಸ ಮಾಡುವುದಾದರೆ ಒಬ್ಬೊಬ್ಬರಿಗೂ ಬೇರೆ ಲೈಸೆನ್ಸ್ ಬೇಡ. ಕ್ಲಬ್ಬಿನ ಪರವಾಗಿ ಸೆಕ್ರೆಟರಿಯ ಹೆಸರಿನಲ್ಲಿ ಒಂದು ಇದ್ದರೆ ಸಾಕು. ಸೆಕ್ರೆಟರಿ, ನಂಜಪ್ಪನವರು.

ಸರೋಜ ಮೊದಮೊದಲು ಅಪ್ಪನ ಜೊತೆ ಸುಮ್ಮನೆ ಹೋಗುತ್ತಿದ್ದಳು. ಹೊಂಗೆಮರದ ಕೆಳಗೆ ಕೂತು ಎಲ್ಲರಿಗೂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತಿದ್ದಳು. ಒಂದು ಭಾನುವಾರ ಅಪ್ಪನೇ ಕರೆದರಂತೆ.

“ಬಾರವ್ವಾ ಇಲ್ಲಿ. ಇದು ಮಲಿಕಂಡು ಹೊಡಿಯೋದು. ಕಾಲಿನ್ ಕೆಲ್ಸ ಇಲ್ಲ ಇದ್ರಾಗೆ.”

ಬೂಟು ಬಿಚ್ಚಿ ಗೋಣಿತಾಟಿನ ಮೇಲೆ ಬೋರಲು ಮಲಗಿದಳು. ಮಲಗಿದ ಮೇಲೆ ಡಾಕ್ಟರಿಗೂ ಇವಳಿಗೂ, ತೋಟದ ಯಜಮಾನರಿಗೂ ಇವಳಿಗೂ ಏನು ವ್ಯತ್ಯಾಸ? ಎಲ್ಲರ ಕಾಲೂ ಹಿಂದೆ ಬಿದ್ದಿರುತ್ತವೆ, ಯಾರೂ ನೋಡುವುದಿಲ್ಲ.

ನಾನು ಆಗಾಗ ನೋಡಲು ಹೋಗುತ್ತಿದ್ದೆ. ಊರುಗೋಲನ್ನು ಕಣ್ಣಿಗೆ ಬೀಳದಷ್ಟು ದೂರ ಇಡು ಎನ್ನುತ್ತಿದ್ದಳು. ರೈಫಲ್ಲಿನ ಮರಕ್ಕೆ ಕೆನ್ನೆ ಇಟ್ಟಳೆಂದರೆ ಆಯಿತು. ಬಸ್ ಹತ್ತುವಾಗ, ಮೆಟ್ಟಿಲು ಇಳಿಯುವಾಗ, ಮದುವೆಮನೆಯಲ್ಲಿ ಎಲ್ಲರ ಎದುರು ನಡೆದು ಹೋಗುವಾಗ ಇರುವ ಆ ಬಿಗಿ ಅವಳ ಮೈಯಲ್ಲಿ ಇರುತ್ತಿರಲಿಲ್ಲ. ಉಸಿರು ಬಿಟ್ಟು, ಅರ್ಧಕ್ಕೆ ನಿಲ್ಲಿಸಿ, ಬೆರಳು ಒತ್ತುವಳು. ಪಟ್ ಎಂದು ಒಂದು ಸದ್ದು. ಅಷ್ಟು ಸಣ್ಣ ಸದ್ದಿಗೆ ಅಷ್ಟು ದೊಡ್ಡ ಸಂತೋಷ ಹೇಗೆ ಬರುತ್ತದೆಂದು ನನಗೆ ಅರ್ಥವಾಗುತ್ತಿರಲಿಲ್ಲ. ಅವಳ ಮುಖ ನೋಡಿದರೆ ಅರ್ಥವಾಗುತ್ತಿತ್ತು.

ಎರಡು ವರ್ಷದ ಹಿಂದೆ ಅಪ್ಪ ಮಗಳು ಮದ್ರಾಸಿಗೆ ಸ್ಟೇಟ್ ಮೀಟಿಗೆ, ಅಂದರೆ ರಾಜ್ಯಮಟ್ಟದ ಶೂಟಿಂಗ್ ಸ್ಪರ್ಧೆಗೆ, ಹೋದರು. ಹೆಂಗಸರಲ್ಲಿ ಮೂರನೆಯವಳಾಗಿ ಬಂದಳು. ಮುಂದಿನ ಸಲ ಮೊದಲನೆಯವಳು ಎಂದು ನಂಜಪ್ಪನವರು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಕನ್ನಡದವರಿಗೆ ಕನ್ನಡದಲ್ಲಿ, ತಮಿಳರಿಗೆ ತಮಿಳಿನಲ್ಲಿ, ತರಕಾರಿಯವಳಿಗೆ ತೆಲುಗಿನಲ್ಲಿ. ಹೀಗೆ ಊರಿಗೆಲ್ಲ ಗೊತ್ತಾಯಿತು.

ಆಮೇಲೆ ಕಾರ್ಖಾನೆಗಳು ಬಂದವು. ನಮ್ಮ ಹೊಸೂರಿಗೆ ಕೆಲಸ ಬಂತು, ರಸ್ತೆ ಬಂತು, ಬೇಡವೆನ್ನಲು ನಾನ್ಯಾರು? ಆದರೆ ಬಂಡೆಗುಂಡಿಯ ಪಕ್ಕ ಶೆಡ್ಡುಗಳೆದ್ದವು. ಜಾಗದ ಯಜಮಾನ ಗುಂಡಿಯನ್ನು ಜಲ್ಲಿ ಒಡೆಯುವವರಿಗೆ ಕೊಟ್ಟ. ಮ್ಯಾನೇಜರಿಗೆ ವರ್ಗವಾಯಿತು. ತೋಟದವರು ಬರುವುದು ನಿಂತಿತು. ನಂಜಪ್ಪನವರು ಮಾತ್ರ ಬೇರೆ ಜಾಗ ಹುಡುಕುತ್ತಾ ಸೈಕಲ್ಲಿನಲ್ಲಿ ತೊರಪಲ್ಲಿ ಅಗ್ರಹಾರದ ತನಕ ಸುತ್ತುತ್ತಿದ್ದರು. ಒಂದು ಬೆಳಗ್ಗೆ ಹಾಗೆ ಹೊರಡಬೇಕೆಂದು ಬಾಗಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಮೇಲೇಳಲಿಲ್ಲ.

ಸರೋಜಳ ತಾಯಿ ಮೊದಲೇ ಹೋಗಿದ್ದರು. ಈಗ ಅಪ್ಪನೂ ಇಲ್ಲ.

ತಿಥಿಯ ಅಡುಗೆಯ ಪಾತ್ರೆಗಳು ಇನ್ನೂ ವಾಪಸ್ ಹೋಗಿರಲಿಲ್ಲ. ಸ್ಟೇಷನ್ನಿನಿಂದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬಂದರು. ಕೆಟ್ಟವರಲ್ಲ. ನಂಜಪ್ಪನವರ ಕೈಯಿಂದ ಕಾಫಿ ಕುಡಿದವರೇ. ಬಾಗಿಲಲ್ಲೇ ನಿಂತರು.

“ಅಮ್ಮಾ, ಸಾಹೇಬ್ರು ಹೇಳವ್ರೆ. ಯಜಮಾನ್ರು ಹೋದ್‌ಮೇಲೆ ಅದು ಮನೇಲಿ ಇಕ್ಕಂಡಿರಂಗಿಲ್ಲ. ನಾವು ಬಂದು ಎತ್ಕಂಡೋದ್ರೆ ಬೀದಿನೋರು ಒಂದು ತರಾ ನೋಡ್ತಾರೆ. ನೀವೇ ತಂದ್ಕೊಟ್ಬುಡಿ.”

ಹಾಗೆ ಆ ಬಸ್ ಪ್ರಯಾಣ.

ಇನ್‌ಸ್ಪೆಕ್ಟರ್ ಎದ್ದು ನಿಂತು ಸರೋಜಳಿಗೆ ಕುರ್ಚಿ ಹಾಕಿಸಿದರು. ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ವಿನಾಯಿತಿ ಇದ್ದದ್ದು ಕ್ಲಬ್ಬಿಗೆ, ನಿಮಗಲ್ಲ. ಸೆಕ್ರೆಟರಿ ಇಲ್ಲ, ಜಾಗವಿಲ್ಲ, ಮೆಂಬರುಗಳಿಲ್ಲ. ಹಾಗಾದರೆ ಕ್ಲಬ್ ಎಲ್ಲಿದೆ? ಹೊಸ ಸೆಕ್ರೆಟರಿಯನ್ನು ಮಾಡಿಕೊಂಡು, ಜಾಗ ತೋರಿಸಿ, ಮಾನ್ಯತೆ ಮುಂದುವರಿಸಿಕೊಂಡು ಬನ್ನಿ. ಅಲ್ಲಿಯವರೆಗೆ ಬಂದೂಕು ನಮ್ಮಲ್ಲಿ ಭದ್ರವಾಗಿರುತ್ತದೆ. ಒಂದು ಮಾತೂ ತಪ್ಪಿಲ್ಲ. ಸರೋಜ ಜಮಖಾನ ಬಿಚ್ಚಿ, ರೈಫಲ್ಲನ್ನು ಮೇಜಿನ ಮೇಲೆ ಇಟ್ಟು, ಜಮಖಾನವನ್ನು ಮಾತ್ರ ಮಡಿಸಿ ನನ್ನ ಕೈಗೆ ಕೊಟ್ಟಳು.

ಸರೋಜ ಸುಮ್ಮನೆ ಕೂರುವವಳಲ್ಲ. ತಾನೇ ಸೆಕ್ರೆಟರಿಯಾಗುತ್ತೇನೆಂದು ಹಳೆಯ ಮೆಂಬರುಗಳ ಮನೆಗೆಲ್ಲ ಹೋದಳು. ಜೊತೆಗೆ ನಾನು. ಡಾಕ್ಟರು ತಮಗೀಗ ಬಿಡುವಿಲ್ಲ ಎಂದರು. ತಳಿಗೆ ಜೀಪಿನಲ್ಲಿ ಹೋದೆವು. ತೋಟದ ಯಜಮಾನರು ಒಂದು ಬುಟ್ಟಿ ಬೀನ್ಸ್ ಕೊಟ್ಟು, ನಂಜಪ್ಪ ಇದ್ದಾಗಿನ ಮಾತೇ ಬೇರೆ, ಹೆಣ್ಣುಮಕ್ಕಳು ಬಂದೂಕಿನ ಜವಾಬ್ದಾರಿ ಯಾಕೆ ಹೊರಬೇಕು ಎಂದು ಬುದ್ಧಿ ಹೇಳಿದರು. ವಾಪಸ್ ಬರುವಾಗ ಸರೋಜ ಬೀನ್ಸ್ ಬುಟ್ಟಿಯನ್ನು ಜೀಪಿನ ಡ್ರೈವರಿಗೆ ಕೊಟ್ಟುಬಿಟ್ಟಳು.

ಉಳಿದದ್ದು ಒಂದೇ ದಾರಿ. ಸ್ವಂತ ಲೈಸೆನ್ಸ್. ಅದಕ್ಕಾಗಿ ನಮ್ಮ ಜಿಲ್ಲಾ ಕೇಂದ್ರ ಧರ್ಮಪುರಿಗೆ ಹೋದೆವು. ಬಸ್ಸು ಕೃಷ್ಣಗಿರಿಯಲ್ಲಿ ನಿಂತಾಗ, ಆಫೀಸಿನಲ್ಲಿ ಕೇಳಿದರೆ ರಾಯಕೋಟೆಯ ಹೊಲಕ್ಕೆ ಹಂದಿ ಕಾಟ ಅಂತ ಹೇಳಿಬಿಡೇ ಎಂದೆ. ಅರ್ಧ ಸುಳ್ಳು ತಾನೆ? ಹಂದಿಗಳೇನೂ ಇಲ್ಲದಿಲ್ಲ. ಅವಳು ಕಿಟಕಿಯಾಚೆ ನೋಡುತ್ತಾ ಹೇಳಿದಳು:

“ಸುಳ್ಳು ಹೇಳಿ ತಂದಿದ್ದನ್ನ ಕೈಯಾಗ್ ಹಿಡ್ಕಂಡ್ರೆ ಕೈ ನಡುಗ್ತದೆ ಕಣೆ. ಕೈ ನಡುಗಿದ್ರೆ ಅದಿದ್ದು ಏನ್ ಪ್ರಯೋಜ್ನ?”

ಅಲ್ಲಿನ ಅಧಿಕಾರಿ ಯುವಕರು. ಬೆಂಗಳೂರಿನಲ್ಲಿ ಓದಿದವರಂತೆ, ನಮ್ಮೊಡನೆ ಕನ್ನಡದಲ್ಲೇ ಮಾತಾಡಿದರು. ಪ್ರಾಣಭಯ ಇದೆಯೇ ಎಂದು ಕೇಳಿದರು. ಇಲ್ಲ ಎಂದಳು. ಯಾರ ಜೊತೆಗಾದರೂ ಜಗಳ, ದ್ವೇಷ? ಇಲ್ಲ. ಬೆಳೆಗೆ ಪ್ರಾಣಿಗಳ ಕಾಟ? ನಾನು ಅವಳ ಸೆರಗು ಎಳೆದೆ. ಅವಳು ಇಲ್ಲ ಎಂದಳು.

“ಮತ್ತೆ ಯಾತಕ್ಕೆ ಬೇಕಮ್ಮ ನಿಮಗೆ?”

“ಗುರಿಗೆ ಹೊಡಿಯಕ್ಕೆ, ಸಾರ್.”

“ಯಾವ ಗುರಿ?”

“ಕಾಗದದ್ದು.”

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಬಂದು ನಿಮ್ಮ ಮುಂದೆ ಬೈಯುತ್ತಿದ್ದೆ. ಬಹಳ ಮರ್ಯಾದೆಯಿಂದಲೇ ಹೇಳಿದರು. ಕಾಗದಕ್ಕೆ ಹೊಡೆಯಲು ಸ್ವಂತ ಲೈಸೆನ್ಸ್ ಯಾಕಮ್ಮ, ಅದಕ್ಕೆ ಕ್ಲಬ್ಬಿಗೆ ಸೇರಿದರೆ ವಿನಾಯಿತಿಯೇ ಇದೆಯಲ್ಲ ಎಂದರು. ಕ್ಲಬ್ ಇಲ್ಲವೆಂದಳು. ಹಾಗಾದರೆ ಕಷ್ಟ ಎಂದರು.

ಗಮನಿಸಿದಿರಾ? ಶತ್ರುವಿದ್ದರೆ ಬಂದೂಕು ಸಿಗುವ ದಾರಿಯಿದೆ. ಜಗಳವಿದ್ದರೆ ಸಿಗಬಹುದು. ಕೊಲ್ಲಬೇಕಾದ ಪ್ರಾಣಿಯಿದ್ದರೆ ಸಿಗಬಹುದು. ಯಾರನ್ನೂ ಏನನ್ನೂ ಕೊಲ್ಲುವ ಆಸೆ ಇಲ್ಲದವಳು ಮಾತ್ರ ಬರಿಗೈಲಿ ಬಸ್ ಹತ್ತಬೇಕು. ಕಾನೂನು ಬರೆದವರದು ತಪ್ಪು ಎನ್ನುತ್ತಿಲ್ಲ. ಬಂದೂಕು ಕಂಡಕಂಡವರ ಕೈಗೆ ಸಿಗಬಾರದು, ಅದು ನನಗೂ ಗೊತ್ತು. ಆದರೆ ಬರೆಯುವಾಗ ಅವರ ಕಣ್ಣಮುಂದೆ ಸರೋಜಳಂಥವಳು ಬಂದಿರಲಿಕ್ಕಿಲ್ಲ.

ಹೊಸೂರಿನ ಇನ್‌ಸ್ಪೆಕ್ಟರ್ ಒಂದು ಉಪಕಾರ ಮಾಡಿದರು. ತಿಂಗಳಿಗೊಮ್ಮೆ ಬಂದು ನಿಮ್ಮ ಕೈಯಾರೆ ಎಣ್ಣೆ ಹಾಕಿಹೋಗಿ, ಇಲ್ಲವಾದರೆ ತುಕ್ಕು ಹಿಡಿಯುತ್ತದೆ ಎಂದರು. ಅವಳು ಹೋಗುತ್ತಿದ್ದಳು. ಸ್ಟೇಷನ್ನಿನ ಹಿಂದಿನ ವರಾಂಡದಲ್ಲಿ, ಕಾನ್‌ಸ್ಟೇಬಲ್ ಒಬ್ಬನ ಎದುರು, ಬೆಂಚಿನ ಮೇಲೆ ಕೂತು ಬಟ್ಟೆಚೂರಿನಿಂದ ನಳಿಗೆ ಒರೆಸಿ, ಎಣ್ಣೆ ಹಚ್ಚಿ, ವಾಪಸ್ ಕೊಟ್ಟು ಬರುತ್ತಿದ್ದಳು. ಅವತ್ತಿನ ದಿನ ಒಳ್ಳೆಯ ಸೀರೆ ಉಡುತ್ತಿದ್ದಳು. ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಹೋಗುವವಳ ಹಾಗೆ. ಮದ್ರಾಸಿನಲ್ಲಿ ಸ್ಟೇಟ್ ಮೀಟ್ ನಡೆದ ವಾರ ಮಾತ್ರ ಹೋಗಲಿಲ್ಲ. ಎಕ್ಸ್‌ಚೇಂಜಿನಲ್ಲಿ ಡಬಲ್ ಡ್ಯೂಟಿ ಕೇಳಿ ಹಾಕಿಸಿಕೊಂಡಳು.

ಈ ತಿಂಗಳು ಹೋದರೆ ಇನ್‌ಸ್ಪೆಕ್ಟರ್ ವರ್ಗವಾಗಿದ್ದರು. ವಾರಸುದಾರರಿಲ್ಲದ ಆಯುಧಗಳನ್ನೆಲ್ಲ ಧರ್ಮಪುರಿಗೆ ಕಳಿಸಿ ಆಯಿತು, ಇನ್ನು ಇಲ್ಲಿಗೆ ಬರುವ ತೊಂದರೆ ಬೇಡ ಎಂದು ಹೊಸಬರು ಹೇಳಿದರಂತೆ. ಅಲ್ಲಿ ಏನು ಮಾಡುತ್ತಾರೆ ಎಂದು ಕೇಳಿದ್ದಾಳೆ. ಹಳೆಯದಾದರೆ ಮುರಿದುಹಾಕುತ್ತಾರೆ ಎಂದರಂತೆ.

ಎಣ್ಣೆಯ ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದಳು. ಅಪ್ಪ ಸತ್ತ ದಿನವೂ ಆ ಮುಖ ನೋಡಿರಲಿಲ್ಲ ನಾನು. “ವಾರಸುದಾರ್ರಿಲ್ದಿದ್ದು ಅಂದ್ರು ಕಣೆ,” ಎಂದಳು. “ನಾನು ಎದುರ್ಗೇ ನಿಂತಿದ್ದೆ.”

ಊರ ಮೈದಾನದಲ್ಲಿ ಎಕ್ಸಿಬಿಷನ್ ಬಂದಿದೆ, ಬಾ ಸುತ್ತಿಕೊಂಡು ಬರೋಣ ಎಂದೆ. ದುಃಖದಲ್ಲಿರುವವರನ್ನು ಎಕ್ಸಿಬಿಷನ್ನಿಗೆ ಕರೆದುಕೊಂಡು ಹೋಗುವ ಬುದ್ಧಿ ನನಗೆ ಎಲ್ಲಿಂದ ಬಂತೋ.

ಹಪ್ಪಳ ತಿಂದೆವು. ಬಳೆ ನೋಡಿದೆವು. ಅದರಾಚೆಗೆ ಬಲೂನಿಗೆ ಗುರಿ ಹೊಡೆಯುವ ಅಂಗಡಿ. ಹಲಗೆಯ ಮೇಲೆ ಸಾಲುಸಾಲು ಬಣ್ಣದ ಬಲೂನು, ಮೇಜಿನ ಮೇಲೆ ಏರ್‌ಗನ್. ಅಂಗಡಿಯವನು ಇವಳು ನಿಂತದ್ದು ನೋಡಿ ಕರೆದ. ಇದಕ್ಕೆ ಲೈಸೆನ್ಸ್ ಗೀಸೆನ್ಸ್ ಏನೂ ಬೇಡಮ್ಮ, ಯಾರು ಬೇಕಾದರೂ ಹೊಡೆಯಬಹುದು ಎಂದ. ಅವನಿಗೇನು ಗೊತ್ತು, ಪಾಪ.

ನಾನು ಅವಳ ತೋಳು ಹಿಡಿದು ಎಳೆದೆ. ಅವಳು ಬರಲಿಲ್ಲ. ಮಲಗಿ ಹೊಡೆಯಬಹುದಾ ಎಂದು ಅವನನ್ನು ಕೇಳಿದಳು. ಅವನು ಒಂದು ಗಳಿಗೆ ಅವಳ ಕಾಲು ನೋಡಿ, ಒಂದು ಗೋಣಿಚೀಲ ತಂದು ಹಾಸಿ, ಆಡುತ್ತಿದ್ದವರನ್ನೆಲ್ಲ ಪಕ್ಕಕ್ಕೆ ಸರಿಸಿದ. ಅವಳು ಬೂಟು ಬಿಚ್ಚಿದಳು. ಜನ ಸೇರಿದರು. ಒಂದಿಬ್ಬರು ನಕ್ಕರು. ಒಳ್ಳೆಯ ಸೀರೆ ಮಣ್ಣಾಗುವುದನ್ನು ನೋಡುತ್ತಾ ನಾನು ನಿಂತಿದ್ದೆ. ಅವಳು ಕೆನ್ನೆ ಇಟ್ಟು, ಉಸಿರು ಬಿಟ್ಟು, ನಿಲ್ಲಿಸಿ, ಒತ್ತಿದಳು.

ಬಲೂನಿಗೆ ತಾಗಲಿಲ್ಲ. ಅಂಥ ಗನ್ನುಗಳ ನಳಿಗೆ ನೆಟ್ಟಗಿರುವುದು ಎಲ್ಲಿ? ಅಂಗಡಿಯವನೇ ಇನ್ನೊಂದು ಗುಂಡು ತುಂಬಿಕೊಟ್ಟ. ಅದೂ ತಾಗಲಿಲ್ಲ. ಜನ ಚದುರಿದರು. ಅವಳು ಮಾತ್ರ ಏಳಲಿಲ್ಲ. ಮತ್ತೆ ಗುರಿಯಿಡುತ್ತಿದ್ದಾಳೆ ಎಂದುಕೊಂಡೆ. ಬಗ್ಗಿ ನೋಡಿದರೆ, ಆ ಬಣ್ಣ ಬಳಿದ ಮರಕ್ಕೆ ಕೆನ್ನೆ ಒತ್ತಿ, ಸದ್ದಿಲ್ಲದೆ ಅಳುತ್ತಿದ್ದಳು. ಅಂಗಡಿಯವನು ನನ್ನನ್ನು ನೋಡಿ, ಇರಲಿ ಬಿಡಿ ಎಂಬಂತೆ ಕೈಸನ್ನೆ ಮಾಡಿ, ಗಿರಾಕಿಗಳಿಗೆ ಅಡ್ಡವಾಗಿ ನಿಂತ.

ಎಬ್ಬಿಸಿ ಬೂಟು ಕಟ್ಟಿದೆ. ಇನ್ನು ನನ್ನ ಇಂಥ ಕಡೆ ಕರ್ಕಂಬರ್‌ಬೇಡ ಕಣೆ ಎಂದಳು, ಅಷ್ಟೇ.

ಸರ್ಕಾರದ ವಿನಾಯಿತಿ ಎಂದರೆ ಇಷ್ಟೇನಾ, ಬದುಕನ್ನು ಕಿತ್ತುಕೊಂಡು ಬಲೂನನ್ನು ಬಿಟ್ಟುಕೊಡುವುದು?