ಎಡಚನ ಕೀಗಳು

ಫೋಟೊ ಸ್ಟುಡಿಯೊದ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಗಿರಾಕಿಗಳ ಮುಖದ ಕಲೆ, ಸುಕ್ಕು ತೆಗೆಯುವವಳನ್ನು ಎಲ್ಲರೂ ಟಚಿಂಗ್ ಅಕ್ಕ ಎನ್ನುತ್ತಿದ್ದರು. ಮೊದಲು ಆ ಕುರ್ಚಿ ಅವಳ ಗಂಡನದು. ಅವನು ಎಡಚ. ಎಡಗೈಯಲ್ಲಿ ಫೋಟೊ ತಿದ್ದುವ ಪೆನ್ನು ಹಿಡಿದು, ಬಲಗೈಗೆ ಎಟುಕುವಂತೆ ಶಾರ್ಟ್‌ಕಟ್ ಕೀಗಳನ್ನೆಲ್ಲ ಕೀಬೋರ್ಡಿನ ಬಲತುದಿಗೆ ತಂದುಕೊಂಡಿದ್ದ. ಪಕ್ಕದಲ್ಲಿ ಕೂತು ಕೆಲಸ ಕಲಿತ ಅವಳಿಗೆ ಬಂದದ್ದೂ ಅವೇ ಕೀಗಳು. ಅವನು ತೀರಿಕೊಂಡ ಮೇಲೆ ಕುರ್ಚಿ ಅವಳದಾಯಿತು.

ಆದರೆ ಅವಳು ಪೆನ್ನು ಹಿಡಿಯುವುದು ಬಲಗೈಯಲ್ಲಿ. ಕೀ ಒತ್ತಲು ಎಡಗೈ ಎದೆಯ ಮುಂದೆ ಹಾದು ಬಲತುದಿಗೆ ಹೋಗಬೇಕು. ದಿನವಿಡೀ ತನ್ನನ್ನು ತಾನೇ ಅರ್ಧ ತಬ್ಬಿಕೊಂಡವಳಂತೆ ಕೂತು ಕೂತು ಭುಜ ಹಿಡಿದುಕೊಂಡಿತು. ಹೀಗೇ ಬಿಟ್ಟರೆ ಕೈ ಮೇಲೇಳುವುದೇ ಇಲ್ಲ ಎಂದರು ಡಾಕ್ಟರು.

"ಕೀ ಬದಲಾಯಿಸ್ಕೊಳ್ಳಮ್ಮ, ಹೊಟ್ಟೆಪಾಡಿನ ಕೈ ಅದು," ಎಂದ ಮಾಲೀಕ. "ಅವನೇನು ಬಂದು ಜಗಳ ಆಡ್ತಾನಾ?"

"ಆಡಿದ್ರೆ ಚೆನ್ನಾಗಿತ್ತು ಅಣ್ಣ. ಇದ್ದಾಗ್ಲೇ ಮಾತಾಡ್ತಿರ್ಲಿಲ್ಲ."

ಮನಸ್ಸು ಗಟ್ಟಿ ಮಾಡಿಕೊಂಡು ಪ್ರೋಗ್ರಾಮಿನಲ್ಲಿ ಒಂದೊಂದೇ ಕೀಯನ್ನು ಎಡಕ್ಕೆ ತಂದಳು. ಸಂಜೆ ಎಂದಿನಂತೆ ಎದ್ದು ಹೋದಳು. ಮರುದಿನ ಬಂದು ನೋಡಿದರೆ ಎಲ್ಲವೂ ಅವನಿಟ್ಟ ಜಾಗಕ್ಕೇ ಮರಳಿದ್ದವು. ಮತ್ತೆ ಬದಲಿಸಿದಳು. ಮತ್ತೆ ಮರಳಿದವು. ಅಂಗಡಿಯ ಬೀಗದ ಕೈ ಮಾಲೀಕನ ಬಳಿ ಮಾತ್ರ. ಅವನಿಗೋ ಮೌಸ್ ಹಿಡಿಯಲೂ ಬಾರದು. ಬೆಳಿಗ್ಗೆ ಕೂತಾಗ ಕುರ್ಚಿಯ ಒರಗು ಬೆಚ್ಚಗಿದೆ ಅನ್ನಿಸತೊಡಗಿತು.

"ಬೇಡ ಅಂತೀರಾ?" ಎಂದು ಮೆಲ್ಲಗೆ ಕೇಳಿದಳು. ಪರದೆಯ ಮೇಲೆ ಯಾರದೋ ಪಾಸ್‌ಪೋರ್ಟಿನ ಮುಖ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿತ್ತು. ಹೆದರಿಕೆಯಾಯಿತು, ನಿಜ. ಆದರೂ ಮಾರನೆಯ ದಿನದಿಂದ ಒಳಕೋಣೆಗೆ ಹೋಗುವ ಮುಂಚೆ ತಲೆ ಬಾಚಿಕೊಳ್ಳತೊಡಗಿದಳು.

ಪ್ರಿಂಟರ್ ರಿಪೇರಿಗೆ ಬಂದವನು, ಕೀಗಳು ಮರಳುವ ಕತೆ ಕೇಳಿ, ಆ ನಂಬಿಕೆಯನ್ನು ಮುರಿದ.

"ಪ್ರೋಗ್ರಾಮ್ ಕ್ಲೋಸ್ ಮಾಡ್ತೀರಾ ಅಕ್ಕ, ಇಲ್ಲ ಹಾಗೇ ಎದ್ದು ಹೋಗ್ತೀರಾ?"

"ಹಾಗೇ ಹೋಗ್ತೀನಿ. ಆಮೇಲೆ ಅಣ್ಣ ಮೇನ್ ಆಫ್ ಮಾಡ್ತಾರೆ."

"ಮತ್ತೆ ಉಳಿಯೋದು ಹೇಗೆ? ಕ್ಲೋಸ್ ಮಾಡಿದಾಗ್ಲೇ ಅದು ಹೊಸ ಕೀ ನೆನಪಿಟ್ಕೊಳ್ಳೋದು."

"ಪಾಪ, ದೆವ್ವದ ತಲೆಗೆ ಕಟ್ಟಿದ್ಯಲ್ಲಮ್ಮ!" ಎಂದು ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆ ನಗು ಬರಲಿಲ್ಲ. ಪ್ರೋಗ್ರಾಮ್ ಮುಚ್ಚುವುದು ಗಂಡನ ಕೆಲಸವಾಗಿತ್ತು. ಅವನು ಹೋದ ಮೇಲೆ, ಬರಬೇಕಾದವರಿಗೆ ಬಾಗಿಲು ತೆರೆದಿಟ್ಟಂತೆ, ಅವಳು ಅದನ್ನು ತೆರೆದೇ ಬಿಟ್ಟಿದ್ದಳು.

ಆ ಸಂಜೆ ಕೀಗಳನ್ನು ಇನ್ನೊಮ್ಮೆ ಎಡಕ್ಕೆ ತಂದಳು. ಹೊರಗೆ ಶಟರ್ ಅರ್ಧ ಇಳಿದ ಸದ್ದು.

"ಆಫ್ ಮಾಡ್ಲಾ ತಂಗಿ?"

ಹೂಂ ಎಂದರೆ ಸಾಕು, ಬೆಳಿಗ್ಗೆ ಅವನು ಮರಳಿರುತ್ತಾನೆ. ಭುಜ ಚಳಕ್ಕೆಂದಿತು.

"ಒಂದ್ನಿಮಿಷ ಅಣ್ಣ."

ಬಲಗೈಯಿಂದ ಪ್ರೋಗ್ರಾಮ್ ಮುಚ್ಚಿದಳು. ಪರದೆ ಖಾಲಿಯಾಯಿತು. ಆಗ ನೋಡಿದಳು: ಎಡಗೈ ಬಲತುದಿಯಲ್ಲೇ ಇದೆ. ಯಾವಾಗ ಹೋಯಿತೋ ತಿಳಿಯದು. ಎಳೆದುಕೊಳ್ಳಲು ನೋಡಿದಳು, ಬರಲಿಲ್ಲ. ತನ್ನದಕ್ಕಿಂತ ದೊಡ್ಡ ಕೈಯೊಂದರ ಅಳತೆಗೆ ಬೆರಳುಗಳು ಅಗಲಿಸಿಕೊಂಡು ಕೂತಿದ್ದವು. ಒಂದೊಂದನ್ನೇ ಬಲಗೈಯಿಂದ ಬಿಡಿಸಿದಳು. ತಣ್ಣಗಿದ್ದವು. ಕೊನೆಯ ಬೆರಳು ಬಿಡುವ ಮುಂಚೆ ತುಸು ಬಿಗಿಯಾಯಿತು.

ಹೋಗಿ ಬನ್ನಿ ಎನ್ನಲು ಹೊರಟ ಬಾಯಿ, "ಹೋಗಿ" ಎಂದಷ್ಟಕ್ಕೇ ನಿಂತಿತು.